ತೂಕದ ಮನೆಗೆ ಹೋದ ಬಾನಿ

ಆ ಊರಿನಲ್ಲಿ ಎಲ್ಲವನ್ನೂ ತಕ್ಕಡಿ ತೀರ್ಮಾನಿಸುತ್ತಿತ್ತು.

ಊರಿನ ನಡುವೆ ತೂಕದ ಮನೆ. ಕರಿಕಲ್ಲಿಗೆ ಕರಿಕಲ್ಲು ಕೂರಿಸಿ ಕಟ್ಟಿದ್ದು. ಗೋಡೆಯಲ್ಲಿ ಎಲ್ಲೂ ಗಾರೆಯಿಲ್ಲ, ಸುಣ್ಣವಿಲ್ಲ. ಒಳಗೆ ಒಂದು ಎತ್ತರದ ಕಂಬ. ಕಂಬದ ತುದಿಯಲ್ಲಿ, ಬೆಳಕು ಮುಟ್ಟದ ಚಾವಣಿಯ ಹತ್ತಿರ, ಒಂದು ಅಡ್ಡ ತೊಲೆ. ತೊಲೆಯ ಎರಡು ತುದಿಗೆ ಸರಪಳಿಯಲ್ಲಿ ತೂಗುಹಾಕಿದ ಎರಡು ತಟ್ಟೆ, ಒಂದೊಂದೂ ಕಣದಷ್ಟು ಅಗಲ. ಬಲಗಡೆಯದು ಹೌದು. ಎಡಗಡೆಯದು ಬೇಡ. ವರ್ಷಕ್ಕೊಮ್ಮೆ, ತೂಕದ ದಿನ, ತೂಗುವವನು ಪ್ರಶ್ನೆಯನ್ನು ಓದುತ್ತಿದ್ದ. ಜನ ತಟ್ಟೆ ಹತ್ತುತ್ತಿದ್ದರು. ಯಾವ ತಟ್ಟೆ ಕೆಳಗಿರುತ್ತದೋ ಅದು ಊರಿನ ಮಾತು.

ಸುಣ್ಣದ ಗೂಡುಗಳ ಒಡೆಯರು ಹತ್ತೊಂಬತ್ತು ಜನ. ಅವರನ್ನು ಭಾರದವರು ಎನ್ನುತ್ತಿದ್ದರು. ಭಾರದವರು ಯಾವಾಗಲೂ ಹೌದು ತಟ್ಟೆಗೇ ಹತ್ತುತ್ತಿದ್ದರು. ಪ್ರಶ್ನೆ ಬರೆಯುತ್ತಿದ್ದವರು ಅವರೇ. ಉಳಿದವರು ಗೂಡಿನಲ್ಲಿ ಸುಣ್ಣ ಸುಡುವವರು, ಗಾಣದಲ್ಲಿ ಗಾರೆ ಅರೆಯುವವರು. ಅವರನ್ನು ಯಾರೂ ತಡೆದಿರಲಿಲ್ಲ. ಬಹಳ ಹಿಂದೆ ಒಮ್ಮೆ ಅವರಲ್ಲಿ ಹತ್ತು ಜನ ಬೇಡ ತಟ್ಟೆಗೆ ಹತ್ತಿದ್ದರಂತೆ. ತಟ್ಟೆ ಅಲುಗಲಿಲ್ಲ. ಇಪ್ಪತ್ತು ಜನ ಹತ್ತಿದರು. ಅಲುಗಲಿಲ್ಲ. ಇಳಿದು ಮನೆಗೆ ಹೋದರು. ಅಂದಿನಿಂದ ಅವರ ಹೆಸರು ಹಗುರದವರು.

ಹಗುರದವರು ಸೊಂಟಕ್ಕೆ ಕಲ್ಲು ಕಟ್ಟಿಕೊಳ್ಳುತ್ತಿದ್ದರು. ಹೆಸರಿಡುವ ದಿನ ಮಗುವಿಗೆ ಹುಣಸೆಬೀಜದಷ್ಟು ಕಲ್ಲು. ಮದುವೆಯ ದಿನ ತೆಂಗಿನಕಾಯಿಯಷ್ಟು. ಕಲ್ಲಿಲ್ಲದೆ ಹೊರಗೆ ಹೋದರೆ ಗಾಳಿ ಹೊತ್ತೊಯ್ಯುತ್ತದೆ ಎಂದು ನಂಬಿದ್ದರು. ಗಾಳಿ ಯಾರನ್ನೂ ಹೊತ್ತೊಯ್ದಿರಲಿಲ್ಲ. ಕಲ್ಲು ಇರುವುದರಿಂದಲೇ ಎಂದು ಎಲ್ಲರೂ ಒಪ್ಪಿದ್ದರು.

ಗಾರೆಯ ಗಾಣವೆಂದರೆ ನೆಲದಲ್ಲಿ ಕೊರೆದ ಒಂದು ದುಂಡು ಕಾಲುವೆ, ಅದರೊಳಗೆ ಉರುಳುವ ಒಂದು ಕಲ್ಲಿನ ಗಾಲಿ. ಎಂಟು ಜನ ನೊಗಕ್ಕೆ ಎದೆ ಕೊಟ್ಟು ಸುತ್ತಬೇಕು. ಸುಣ್ಣ ಹಾಕಬೇಕು, ಮರಳು ಹಾಕಬೇಕು. ಬೆಲ್ಲದ ನೀರು ಹೊಯ್ಯಬೇಕು, ಅಳಲೆಕಾಯಿ ನೆನೆಸಿದ ನೀರು ಹೊಯ್ಯಬೇಕು. ಬೆಳಗಿನಿಂದ ಸಂಜೆಯವರೆಗೆ ಸುತ್ತಿದರೆ ಒಂದು ಬಾನಿ ಗಾರೆ.

ತೆಂಕಣ ಗಾಣದಲ್ಲಿ ವಾರಕ್ಕೊಂದು ದಿನ ಎಂಟು ಜನರ ಕೆಲಸವನ್ನು ಏಳು ಜನ ಮಾಡುತ್ತಿದ್ದರು. ಎಂಟನೆಯವಳು ಗಾಣದ ನಡುಗಲ್ಲಿನ ಮೇಲೆ ಕೂತು ಹಾಳೆ ಓದುತ್ತಿದ್ದಳು. ಅವಳನ್ನು ಓದುವವಳು ಎನ್ನುತ್ತಿದ್ದರು. ಊರಿನ ಹನ್ನೊಂದು ಗಾಣಗಳಲ್ಲೂ ಹೀಗೆ ಒಬ್ಬೊಬ್ಬರು ಓದುವವರು ಇದ್ದರು. ಹಾಳೆಗೆ ತೂಕದ ಮನೆಯ ಮುದ್ರೆ ಇರಲಿಲ್ಲ. ಮುದ್ರೆಯಿಲ್ಲದ ಹಾಳೆಯನ್ನು ಅಚ್ಚು ಹಾಕುವುದು ತಪ್ಪು. ಹಾಕುತ್ತಿದ್ದವಳು ಓದುವವಳ ಅಕ್ಕ.

ಅಕ್ಕನಿಗೆ ಒಂದೇ ನಿಯಮ. ಯಾರಾದರೂ ಕಂಡದ್ದು, ಯಾರಾದರೂ ಅಳೆದದ್ದು, ಅಷ್ಟನ್ನೇ ಹಾಕುವುದು. ಯಾವ ಗೂಡಿನಲ್ಲಿ ಯಾರ ಕಣ್ಣಿಗೆ ಸುಣ್ಣ ಸಿಡಿಯಿತು. ಯಾವ ಗಾಣ ಎಷ್ಟು ಸುತ್ತು ಸುತ್ತಿತು. ಕೊನೆಯಲ್ಲಿ ಪ್ರತಿ ವಾರವೂ ಒಂದು ಪಟ್ಟಿ: ಯಾವ ಬಾನಿ ಎಲ್ಲಿಗೆ ಹೋಯಿತು, ಅರೆದವರು ಯಾರು. ಜನ ಕಾಯುತ್ತಿದ್ದದ್ದು ಆ ಪಟ್ಟಿಗೆ. ತಮ್ಮ ಗಾಣದ ಹೆಸರು ಬಂದ ಕೂಡಲೇ ಯಾರಾದರೂ “ನಮ್ಮದು ಬಂತು” ಎಂದು ಕೂಗುತ್ತಿದ್ದರು.

“ಗಟ್ಟಿಯಾಗಿ ಓದವ್ವ,” ಅಂದ ಗಾಣದ ಮುದುಕ. ಅಲ್ಲಿ ನಲವತ್ತು ವರ್ಷ ಸುತ್ತಿದವನು. “ಗಾಲಿ ಸದ್ದಿನಲ್ಲಿ ಏನೂ ಕೇಳಲ್ಲ.”

“ನೀನು ಬಾಯಿ ಮುಚ್ಚು ತಾತ, ಅರ್ಧ ಸದ್ದು ಕಮ್ಮಿಯಾಗುತ್ತೆ,” ಅಂದಳು ನೀರು ಹೊಯ್ಯುವವಳು.

ಆ ವಾರದ ಹಾಳೆಯಲ್ಲಿ ಸುದ್ದಿ ಕಡಿಮೆ. ನಡುವೆ ನಾಲ್ಕು ಸಾಲು:

ನಿಮ್ಮ ಗಾಣದಲ್ಲಿ ಮೂಟೆ ತೂಗುವ ತಕ್ಕಡಿ ಇದೆ. ಸೊಂಟದ ಕಲ್ಲು ಬಿಚ್ಚಿ ಅದರಲ್ಲಿ ಒಬ್ಬೊಬ್ಬರಾಗಿ ಕೂತುಕೊಳ್ಳಿ. ಎಷ್ಟು ಸೇರು ಬಂತೋ ಬರೆದು ಕಳಿಸಿ. ಊಹಿಸಬೇಡಿ, ತೂಗಿ.

ಗಾಣ ನಿಧಾನವಾಯಿತು. ಮೂಟೆಯ ತಕ್ಕಡಿ ಅಲ್ಲೇ ಮೂಲೆಯಲ್ಲಿತ್ತು. ದಿನವೂ ಅದರಲ್ಲಿ ಸುಣ್ಣ ತೂಗುತ್ತಿದ್ದರು. ಅದರಲ್ಲಿ ಮನುಷ್ಯರು ಕೂರಬಾರದೆಂದು ಯಾರೂ ಹೇಳಿರಲಿಲ್ಲ. ಯಾರಿಗೂ ಹೊಳೆದಿರಲಿಲ್ಲ.

“ಏನು ತೂಗೋದು? ಸೊನ್ನೆನಾ?” ಅಂದ ಮುದುಕ. ಆದರೂ ಕಲ್ಲು ಬಿಚ್ಚಿದ. ಗಾಳಿಗೆ ಹೆದರಿ ಒಂದು ಕೈಯಲ್ಲಿ ಸರಪಳಿ ಹಿಡಿದುಕೊಂಡು ಕೂತ.

ತಟ್ಟೆ ನೆಲಕ್ಕೆ ಬಡಿಯಿತು.

ಓದುವವಳು ಎದುರಿನ ತಟ್ಟೆಗೆ ಒಂದೊಂದೇ ತೂಕದ ಬಟ್ಟು ಇಟ್ಟಳು. ಹತ್ತು. ಇಪ್ಪತ್ತು. ನಲವತ್ತು. ಐವತ್ತೊಂದಕ್ಕೆ ಮುಳ್ಳು ನೇರ ನಿಂತಿತು.

“ತಕ್ಕಡಿ ಕೆಟ್ಟಿದೆ,” ಅಂದ ಮುದುಕ.

ಸುಣ್ಣದ ಮೂಟೆ ಇಟ್ಟು ನೋಡಿದರು. ಮೂಟೆ ಸರಿಯಾಗಿ ತೂಗಿತು. ಮುದುಕನನ್ನು ಮತ್ತೆ ಕೂರಿಸಿದರು. ಐವತ್ತೊಂದು. ಮೂರನೆಯ ಸಲವೂ ಐವತ್ತೊಂದು. ಮುದುಕ ಇಳಿಯಲಿಲ್ಲ. ತನ್ನ ಮೊಣಕಾಲನ್ನು ತಾನೇ ಮುಟ್ಟಿ ನೋಡಿಕೊಂಡ.

“ನನ್ನ ಹೆಂಡತಿ ಮೊದಲಿಂದ ಹೇಳ್ತಿದ್ದಳು, ನೀನು ಭೂಮಿಗೆ ಭಾರ ಅಂತ,” ಅಂದ. ಯಾರೂ ನಗಲಿಲ್ಲ. ಅವನಿಗೂ ನಗು ಬರಲಿಲ್ಲ. “ಹಾಗಾದರೆ ಈ ಕಲ್ಲು ಯಾಕೆ ಹೊತ್ತೆ ನಾನು?”

ನೀರು ಹೊಯ್ಯುವವಳು ನಲವತ್ತಾರು. ಓದುವವಳು ನಲವತ್ತಮೂರು. ಮುಂದಿನ ವಾರ ಹನ್ನೊಂದು ಗಾಣಗಳ ಸಂಖ್ಯೆ, ಅಲ್ಲಿಗೆ ಬಂದು ತೂಗಿಸಿಕೊಂಡ ಗೂಡಿನವರದ್ದೂ ಸೇರಿ, ಹಾಳೆಯಲ್ಲಿ ಬಂತು. ಮುನ್ನೂರ ಹನ್ನೆರಡು ಜನ, ಸಾಲಾಗಿ. ಒಬ್ಬರೂ ಸೊನ್ನೆ ಇರಲಿಲ್ಲ. ಕೆಳಗೆ ಒಟ್ಟು: ಹದಿನಾಲ್ಕು ಸಾವಿರದ ಒಂಬೈನೂರ ಎಪ್ಪತ್ತಾರು ಸೇರು. ಅದರ ಕೆಳಗೆ ಒಂದು ಸಾಲು: ಈ ಸಲ ತೂಕದ ದಿನ ನಾವೂ ತಟ್ಟೆ ಹತ್ತೋಣ.

ಆ ಹಾಳೆಯನ್ನು ಓದುವವಳು ಏಳು ಸಲ ಓದಬೇಕಾಯಿತು. ಪ್ರತಿ ಸಲವೂ ಯಾರೋ ತಮ್ಮ ಸಂಖ್ಯೆ ಬಂದಾಗ ತಲೆ ತಗ್ಗಿಸಿ, ಬೈಗುಳ ಕೇಳಿದವರ ಹಾಗೆ ನಿಂತರು. ಆಮೇಲೆ ತಲೆ ಎತ್ತಿದರು.

ಮೂರನೆಯ ದಿನ ಅಕ್ಕನನ್ನು ಹಿಡಿದುಕೊಂಡು ಹೋದರು. ಸಂಖ್ಯೆ ಹರಡಿದ್ದು ತಪ್ಪು.

ಆ ಊರಿನಲ್ಲಿ ಒಂದೇ ಶಿಕ್ಷೆ. ತಪ್ಪು ಮಾಡಿದವರ ಎರಡೂ ಕೈಗಳನ್ನು ಕಲ್ಲಿನ ತೊಟ್ಟಿಯಲ್ಲಿ ಇಟ್ಟು ಮೇಲೆ ಗಾರೆ ಸುರಿಯುವುದು. ಒಳ್ಳೆಯ ಗಾರೆ ಒಂದು ಹಗಲು ಒಂದು ರಾತ್ರಿಯಲ್ಲಿ ಕಲ್ಲಾಗುತ್ತದೆ. ಆಮೇಲೆ ಅದನ್ನು ಯಾರೂ ಒಡೆಯುವುದಿಲ್ಲ. ಆ ಮನುಷ್ಯರು ಉಳಿದ ದಿನಗಳನ್ನು ತೊಟ್ಟಿಯ ಪಕ್ಕದಲ್ಲೇ ಕಳೆಯುತ್ತಾರೆ. ಮನೆಯವರು ಉಣ್ಣಿಸಬೇಕು.

ತೂಕದ ದಿನಕ್ಕೆ ನಾಲ್ಕು ದಿನ ಇದ್ದಾಗ ತೂಗುವವನು ತೆಂಕಣ ಗಾಣಕ್ಕೆ ಬಂದ.

“ವರ್ಷದ ಬಾನಿ ಬೇಕು. ತೂಕದ ಮನೆಗೆ,” ಅಂದ. ಪ್ರತಿ ವರ್ಷ ಇದೇ ಹೊತ್ತಿಗೆ ಊರಿನ ಅತ್ಯುತ್ತಮ ಗಾರೆ ಒಂದು ಬಾನಿ ತೂಕದ ಮನೆಗೆ ಹೋಗುತ್ತಿತ್ತು. ನಲವತ್ತು ವರ್ಷದಿಂದ ಅದನ್ನು ಕೊಡುತ್ತಿದ್ದದ್ದು ತೆಂಕಣ ಗಾಣ. ಮುದುಕನಿಗೆ ಅದೇ ಹೆಮ್ಮೆ.

“ಈ ಸಲ ಎರಡು ಬಾನಿ,” ಅಂದ ತೂಗುವವನು.

“ಎರಡನೆಯದು ಯಾಕೆ ಸ್ವಾಮಿ?” ಅಂದ ಮುದುಕ.

ತೂಗುವವನು ಓದುವವಳ ಕಡೆ ಒಮ್ಮೆ ನೋಡಿ ಹೊರಟುಹೋದ. ಆಗ ಎಲ್ಲರಿಗೂ ಎರಡನೆಯದು ಯಾಕೆಂದು ತಿಳಿಯಿತು. ಅಕ್ಕನ ಕೈಗಳಿಗೆ ಸುರಿಯುವ ಗಾರೆಯನ್ನು ತಂಗಿ ಅರೆಯಬೇಕು.

ಹೊಸ ಹಾಳೆ ಬರುವಂತಿರಲಿಲ್ಲ. ಓದುವವಳು ಹಳೆಯ ಹಾಳೆಗಳ ಕಟ್ಟು ತಂದು ನಡುಗಲ್ಲಿನ ಮೇಲೆ ಕೂತಳು. ಮೊದಲನೆಯದರಿಂದ ಓದುತ್ತಾ ಬಂದಳು. ಏಳು ಜನ ಸುತ್ತಿದರು. ಗಾಲಿ ಉರುಳಿತು. ಮೊದಲ ದಿನವೇ ಮಧ್ಯಾಹ್ನ, ಬೆಲ್ಲದ ನೀರು ಹೊಯ್ಯುವ ಮುಂಚೆ, ಅವಳು ಒಂದು ಹಳೆಯ ಸುದ್ದಿ ಓದಿದಳು. ಕೆರೆಯ ಹತ್ತಿರ ಒಂದು ಹೊಸ ಗೋಡೆ ಬಿದ್ದಿತ್ತು. ಅಕ್ಕ ಅದರ ಚೂರು ತಂದು ನಾಲ್ಕು ದಿನ ನೀರಿನಲ್ಲಿಟ್ಟು ನೋಡಿ ಬರೆದಿದ್ದಳು: ಈ ಗಾರೆಗೆ ಬೆಲ್ಲದ ನೀರು ಹಾಕಿಲ್ಲ, ಅಳಲೆಕಾಯಿ ನೀರು ಹಾಕಿಲ್ಲ. ಇಂಥ ಗಾರೆ ನೋಡಲು ಒಂದೇ ಥರ. ಹಿಡಿತ ಒಂದು ದಿನವೂ ಇರುವುದಿಲ್ಲ.

ಅವಳು ಓದುವುದನ್ನು ನಿಲ್ಲಿಸಿದಳು. ನೀರು ಹೊಯ್ಯುವವಳು ಕೊಡವನ್ನು ಕೆಳಗಿಟ್ಟಳು.

“ಯಾವ ಬಾನಿ ಕೈಗೆ ಹೋಗುತ್ತೆ?” ಅಂದಳು ನೀರು ಹೊಯ್ಯುವವಳು.

“ಗೊತ್ತಿಲ್ಲ. ಎರಡೂ ಒಂದೇ ಥರ ಇರುತ್ತೆ.”

“ಹಾಗಾದರೆ ಎರಡನ್ನೂ.”

“ಬೇಡ,” ಅಂದ ಮುದುಕ. “ಒಂದನ್ನು ಕೆಡಿಸಿ. ವರ್ಷದ ಬಾನಿ ಕೆಡಿಸಬೇಡಿ. ಹಾಲಿನ ಕೆನೆ ಹಾಗೆ ಮಾಡಿ ಕಳಿಸಿದ್ದೀನಿ, ನಲವತ್ತು ಸಲ. ಒಂದು ಹರಳು ಕೈಗೆ ಸಿಕ್ಕಿಲ್ಲ ಅವರಿಗೆ.”

“ಅಕ್ಕನ ಕೈ, ತಾತ,” ಅಂದಳು ಓದುವವಳು.

“ಕೆಟ್ಟ ಗಾರೆ ಹಾಕಿದರೆ ಏನಾಯ್ತು? ಬಿರುಕು ಬಿಟ್ಟರೆ ಮತ್ತೆ ಅರೆಸುತ್ತಾರೆ. ಒಂದು ದಿನ ಸಿಗಬಹುದು.”

“ಒಂದು ದಿನ ಸಿಕ್ಕರೆ ಒಂದು ದಿನ.”

ಮುದುಕ ನೊಗ ಬಿಟ್ಟು ಬಂದ. ಬೆಲ್ಲದ ನೀರಿನ ಕೊಡವನ್ನು ಎರಡೂ ಕೈಯಲ್ಲಿ ಎತ್ತಿದ. ಗಾಣಕ್ಕೆ ಹೊಯ್ಯಲಿಲ್ಲ, ತಾನೇ ಕುಡಿದ. ಉಸಿರು ಕಟ್ಟುವಷ್ಟು ಕುಡಿದು ಪಕ್ಕದವನಿಗೆ ಕೊಟ್ಟ. ಆ ಎರಡು ದಿನ ತೆಂಕಣ ಗಾಣದಲ್ಲಿ ಎಲ್ಲರೂ ಬೆಲ್ಲದ ನೀರು ಕುಡಿದರು. ಅಳಲೆಕಾಯಿ ನೀರು ಮಾತ್ರ ಚರಂಡಿಗೆ ಹೋಯಿತು, ಅಷ್ಟು ಒಗರು.

ತೂಗುವವನು ಬಾನಿ ಒಯ್ಯಲು ಬಂದಾಗ ಬಗ್ಗಿ ಮೂಸಿದ. ಬಾನಿಗಳ ಅಂಚಿಗೆ ನೀರು ಹೊಯ್ಯುವವಳು ಬೆಲ್ಲ ಉಜ್ಜಿದ್ದಳು.

“ಈ ಸಲ ಘಮ ಜಾಸ್ತಿ,” ಅಂದ.

“ಎರಡು ಬಾನಿ ಅಲ್ಲವಾ ಸ್ವಾಮಿ,” ಅಂದಳು ಅವಳು.

ತೂಕದ ದಿನ ಬೆಳಿಗ್ಗೆ ಮುನ್ನೂರ ಹನ್ನೊಂದು ಜನ ಬಂದರು. ಅಕ್ಕನೊಬ್ಬಳು ಆಗಲೇ ಒಳಗಿದ್ದಳು. ಬಾಗಿಲ ಬಳಿ ಎಲ್ಲರೂ ಸೊಂಟದ ಕಲ್ಲು ಬಿಚ್ಚಿ ಇಟ್ಟರು. ರಾಶಿ ಬಾಗಿಲಿನಷ್ಟು ಎತ್ತರವಾಯಿತು. ಹೊರಗೆ ಗಾಳಿಯಿತ್ತು. ಸೆರಗುಗಳು ಹಾರಿದವು. ಮನುಷ್ಯರು ಹಾರಲಿಲ್ಲ.

ಒಳಗೆ ಎರಡು ತಟ್ಟೆಗಳ ನಡುವೆ ತೊಟ್ಟಿ. ಅಕ್ಕನ ಕೈಗಳನ್ನು ಅದರಲ್ಲಿ ಕಟ್ಟಿದ್ದರು. ಬೆರಳುಗಳಿಗೆ ಇನ್ನೂ ಮಸಿ ಅಂಟಿತ್ತು. ಪಕ್ಕದಲ್ಲಿ ಒಂದು ಬಾನಿ.

ಒಂದೇ ಬಾನಿ. ಓದುವವಳು ಅದನ್ನು ಗಮನಿಸಿದಳು. ಇನ್ನೊಂದು ಎಲ್ಲಿ? ಅವಳು ಗೋಡೆ ನೋಡಿದಳು. ಕಲ್ಲಿಗೆ ಕಲ್ಲು. ನೆಲ ನೋಡಿದಳು. ಕಲ್ಲಿಗೆ ಕಲ್ಲು. ಹಾಳೆಯ ಪಟ್ಟಿಯಲ್ಲಿ ವರ್ಷವರ್ಷವೂ ತಾನೇ ಓದಿದ್ದು ನೆನಪಾಯಿತು: ಒಂದು ಬಾನಿ, ಬಹಳ ಒಳ್ಳೆಯದು, ತೂಕದ ಮನೆಗೆ. ಈ ಮನೆಯಲ್ಲಿ ಗಾರೆ ಎಲ್ಲಿದೆ?

“ಪ್ರಶ್ನೆ,” ಅಂದ ತೂಗುವವನು. “ಅಚ್ಚಿನವಳ ಎರಡೂ ಕೈಗಳನ್ನು ಗಾರೆಯಲ್ಲಿ ಕೂರಿಸಬೇಕೇ?”

ಹತ್ತೊಂಬತ್ತು ಜನ ಹೌದು ತಟ್ಟೆಗೆ ಹತ್ತಿದರು. ಕೊನೆಗೆ ಹತ್ತಿದವಳು ಹಿರಿಯ ಒಡತಿ, ಕೋಲು ಊರಿಕೊಂಡು, ಇಬ್ಬರ ತೋಳು ಹಿಡಿದುಕೊಂಡು. ತಟ್ಟೆ ಎಂದಿನಂತೆ ಕೆಳಗಿತ್ತು.

ಓದುವವಳು ಬೇಡ ತಟ್ಟೆಯ ಏಣಿಗೆ ಕಾಲಿಟ್ಟಳು.

“ಹತ್ತಿ, ಹತ್ತಿ,” ಅಂದ ತೂಗುವವನು. “ಗಾಳಿ ಬಂದರೆ ಸರಪಳಿ ಹಿಡ್ಕೊಳ್ಳಿ.” ಭಾರದವರು ನಕ್ಕರು.

ಹತ್ತು ಜನ ಹತ್ತಿದರು. ತಟ್ಟೆ ಅಲುಗಲಿಲ್ಲ. ನೂರು ಜನ ಹತ್ತಿದರು. ಅಲುಗಲಿಲ್ಲ. ಮುನ್ನೂರ ಹನ್ನೊಂದು ಜನ ಹತ್ತಿ, ಭುಜಕ್ಕೆ ಭುಜ ತಾಗಿಸಿ ನಿಂತರು. ಅಲುಗಲಿಲ್ಲ. ಹಿಂದೆ ಆಗಿದ್ದರೆ ಇಷ್ಟಕ್ಕೆ ಇಳಿದು ಮನೆಗೆ ಹೋಗುತ್ತಿದ್ದರು. ಈಗ ಒಬ್ಬೊಬ್ಬರಿಗೂ ತಮ್ಮ ಸಂಖ್ಯೆ ಗೊತ್ತಿತ್ತು.

“ಹೌದು ಕೆಳಗಿದೆ,” ಎಂದು ತೂಗುವವನು ಕೂಗಲು ಬಾಯಿ ತೆರೆದ.

“ಸ್ವಲ್ಪ ತಡೆಯಿರಿ,” ಅಂದಳು ಓದುವವಳು. ಹಾಳೆ ಓದುವ ದನಿಯಲ್ಲೇ ಹೇಳಿದಳು. “ಈ ಕಡೆ ಹದಿನಾಲ್ಕು ಸಾವಿರದ ಒಂಬೈನೂರು ಸೇರು. ಆ ಕಡೆ ಹತ್ತೊಂಬತ್ತು ಜನ. ಹಾಗಾದರೆ ಒಬ್ಬೊಬ್ಬರು ಎಂಟುನೂರು ಸೇರಿನ ಹತ್ತಿರ ಇರಬೇಕು.” ಅವಳು ಹಿರಿಯ ಒಡತಿಯ ಕಡೆ ತಿರುಗಿದಳು. ಒಡತಿಯ ಮಣಿಕಟ್ಟು ಕೋಲಿಗಿಂತ ಸಣ್ಣದಿತ್ತು. “ಅಮ್ಮಾವ್ರೇ, ನೀವು ಎಂಟುನೂರು ಸೇರಾ?”

ಒಡತಿ ತನ್ನ ಕೈ ನೋಡಿಕೊಂಡಳು.

ಅಷ್ಟರಲ್ಲಿ ಮೇಲಿನಿಂದ ಏನೋ ಉದುರಿತು. ಬಿಳಿ ಪುಡಿ. ಓದುವವಳ ಕೂದಲ ಮೇಲೆ, ಮುದುಕನ ಹೆಗಲ ಮೇಲೆ, ತೊಟ್ಟಿಯೊಳಗೆ ಅಕ್ಕನ ಮಸಿ ಬೆರಳುಗಳ ಮೇಲೆ. ಓದುವವಳು ಚಿಟಿಕೆ ಎತ್ತಿ ನಾಲಿಗೆಗೆ ಮುಟ್ಟಿಸಿದಳು. ಸುಣ್ಣ, ಮರಳು. ಸಿಹಿಯಿಲ್ಲ, ಒಗರಿಲ್ಲ.

ಅವಳು ಮೇಲೆ ನೋಡಿದಳು. ಕಂಬದ ತುದಿಯಲ್ಲಿ, ತೊಲೆ ತಿರುಗಬೇಕಾದ ಜಾಗದಲ್ಲಿ, ಒಂದು ಬಿಳಿ ಗಡ್ಡೆ. ತೊಲೆಯನ್ನೂ ಕಂಬವನ್ನೂ ಒಂದಾಗಿ ಹಿಡಿದ ಗಡ್ಡೆ. ಅದರ ಮೇಲೆ ಒಂದು ಬಿರುಕು ಓಡುತ್ತಿತ್ತು.

“ತಾತ,” ಅಂದಳು. ಅವನ ತೋಳು ಹಿಡಿದು ಮತ್ತೆ ಅಂದಳು. “ತಾತ, ಅದು ನಮ್ಮ ಬಾನಿ.”

ಮುದುಕ ತಲೆ ಎತ್ತಿದ. ಅವನು ನೋಡಿದ್ದನ್ನು ಪಕ್ಕದವನು ನೋಡಿದ. ಅವನ ಪಕ್ಕದವನು ನೋಡಿದ. ಎದುರು ತಟ್ಟೆಯಲ್ಲಿ ಹತ್ತೊಂಬತ್ತು ಜನರೂ ತಲೆ ಎತ್ತಿದರು. ಗಡ್ಡೆ ಒಡೆಯಿತು.

ತೊಲೆ ಕಿರುಗುಟ್ಟಿತು. ಆ ಸದ್ದನ್ನು ಊರಿನಲ್ಲಿ ಬದುಕಿದ್ದವರು ಯಾರೂ ಕೇಳಿರಲಿಲ್ಲ. ಬೇಡ ತಟ್ಟೆ ಕೆಳಗೆ ಬಂತು. ನೆಲ ಮುಟ್ಟಿತು. ಹೌದು ತಟ್ಟೆ ಮೇಲೆ ಹೋಯಿತು, ಚಾವಣಿಯ ಕತ್ತಲಿನವರೆಗೆ. ಹತ್ತೊಂಬತ್ತು ಜನ ಸರಪಳಿಗಳನ್ನು ತಬ್ಬಿಕೊಂಡರು. ಒಬ್ಬರ ಚಪ್ಪಲಿ ಬಿತ್ತು.

ಯಾರೂ ಜೈ ಅನ್ನಲಿಲ್ಲ. ಪುಡಿ ಉದುರುವ ಸದ್ದು ಮಾತ್ರ ಇತ್ತು.

“ಏನಯ್ಯಾ,” ಎಂದು ಮೇಲಿನಿಂದ ಹಿರಿಯ ಒಡತಿಯ ದನಿ ಬಂತು. ಕೋಪದ ದನಿಯಲ್ಲ. “ನಾವು ಭಾರ ಅಲ್ಲವಾ?”

ತೂಗುವವನು ಕತ್ತಲಿನ ಕಡೆ ಮುಖ ಎತ್ತಿದ. “ಅಮ್ಮಾವ್ರೇ, ತೂಕದ ದಿನದ ಹಿಂದಿನ ಬೆಳಿಗ್ಗೆ ಹಳೇ ಗಾರೆ ಕಿತ್ತು ಹೊಸದು ಹಾಕು ಅಂದಿದ್ದ ನಮ್ಮಪ್ಪ. ಹಾಕಿದೆ. ಅವನಿಗೆ ಅವನಪ್ಪ ಹೇಳಿದ್ದನಂತೆ. ಯಾಕೆ ಅಂತ ನಾನು ಕೇಳಲಿಲ್ಲ.”

“ನಮಗೆ ಯಾರೂ ಹೇಳಲಿಲ್ಲ,” ಅಂದಳು ಒಡತಿ.

ಎಲ್ಲರೂ ತೂಗುವವನನ್ನು ನೋಡಿದರು. ಕೆಳಗಿರುವ ತಟ್ಟೆಯ ಹೆಸರನ್ನು ಅವನು ಕೂಗಬೇಕು. ಅವನ ಬಾಯಿ ಹೌದಿಗೆ ಪಳಗಿತ್ತು. ತುಟಿ ತೆರೆದ, ಮುಚ್ಚಿದ, ಮತ್ತೆ ತೆರೆದ.

“ಬೇಡ ಅನ್ನಿ,” ಅಂದಳು ಅಕ್ಕ, ತೊಟ್ಟಿಯ ಪಕ್ಕದಿಂದ. “ಎರಡೇ ಅಕ್ಷರ.”

“ಬೇಡ,” ಅಂದ ತೂಗುವವನು.

ಓದುವವಳು ಇಳಿದು ಬಂದು ಅಕ್ಕನ ಕಟ್ಟು ಬಿಚ್ಚಿದಳು. ಅಕ್ಕ ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಚ್ಚಿ ನೋಡಿದಳು. ಹತ್ತೂ ಇದ್ದವು. ಜನ ಒಬ್ಬೊಬ್ಬರಾಗಿ ಇಳಿದರು. ಹೌದು ತಟ್ಟೆ ಮೆಲ್ಲಗೆ ಕೆಳಗೆ ಬಂತು, ಹತ್ತೊಂಬತ್ತು ಜನರೂ ಇಳಿದರು. ಮುದುಕ ಇಳಿಯಲಿಲ್ಲ. ತಟ್ಟೆಯ ನಡುವೆ ಕೂತಿದ್ದ. ಅಂಗೈಯಲ್ಲಿ ಒಂದು ಗಾರೆ ಚೂರು. ಕಂಬದ ಸಂದಿಯಿಂದ ಬಿದ್ದ ಹಳೆಯ ಚೂರು, ಯಾವ ವರ್ಷದ್ದೋ. ಅದನ್ನು ಹೆಬ್ಬೆರಳಿನಿಂದ ಉಜ್ಜಿದ. ಅದು ಪುಡಿಯಾಗಲಿಲ್ಲ.

“ನೋಡವ್ವ, ಹೆಂಗಿದೆ,” ಅಂದ ಓದುವವಳಿಗೆ. “ಹಾಲಿನ ಕೆನೆ.”

ನಾಲ್ಕು ದಿನದ ಮೇಲೆ ಅಕ್ಕ ಹಾಳೆ ಜೋಡಿಸಲು ಕೂತಳು. ಮೇಲೆ ತೂಕದ ದಿನದ ಸುದ್ದಿ. ಕೊನೆಯಲ್ಲಿ ಎಂದಿನ ಪಟ್ಟಿ. ಅದನ್ನು ಓದಿ ನೀರು ಹೊಯ್ಯುವವಳು ಬೇಸರಪಟ್ಟಳು.

“ಇದನ್ನು ಯಾಕೆ ಹಾಕ್ತೀಯಕ್ಕ? ಗೆದ್ದಿದ್ದೀವಿ. ಅದನ್ನು ಹಾಕು ಸಾಕು. ಇದು ನಾಚಿಕೆ.”

“ನಡೆದಿದೆಯೋ ಇಲ್ಲವೋ?”

“ನಡೆದಿದೆ.”

“ಯಾರಾದರೂ ಕಂಡಿದ್ದಾರೋ ಇಲ್ಲವೋ?”

ಅಕ್ಕ ಕೊನೆಯ ಅಚ್ಚುಮೊಳೆ ಇಟ್ಟಳು.

ಮರುದಿನ ತೆಂಕಣ ಗಾಣ ಸುತ್ತುತ್ತಿತ್ತು. ಏಳು ಜನ ನೊಗಕ್ಕೆ ಎದೆ ಕೊಟ್ಟಿದ್ದರು. ಓದುವವಳು ನಡುಗಲ್ಲಿನ ಮೇಲೆ ಕೂತು ಮೊದಲ ಸಾಲಿನಿಂದ ಓದಿದಳು. ತೊಲೆ ತಿರುಗಿದ ಸುದ್ದಿ ಬಂದಾಗ ಎಲ್ಲರೂ ನಕ್ಕರು. ಚಪ್ಪಲಿಯ ಸುದ್ದಿಗೆ ಇನ್ನೂ ಜೋರಾಗಿ ನಕ್ಕರು. ಅವಳು ಕೆಳಗೆ ಬಂದಳು. ಪಟ್ಟಿಗೆ ಬಂದಳು.

“ಯಾವ ಬಾನಿ ಎಲ್ಲಿಗೆ. ಈ ವರ್ಷ ಎರಡು ಬಾನಿ, ಕೆಟ್ಟದ್ದು, ತೂಕದ ಮನೆಗೆ. ಅರೆದವರು ತೆಂಕಣ ಗಾಣ. ಇದಕ್ಕೆ ಹಿಂದೆ ನಲವತ್ತು ವರ್ಷ, ವರ್ಷಕ್ಕೊಂದು ಬಾನಿ, ಬಹಳ ಒಳ್ಳೆಯದು, ತೂಕದ ಮನೆಗೆ. ತೊಲೆ ಅಲುಗದಂತೆ ಹಿಡಿದದ್ದು ಅದೇ. ಅರೆದವರು ತೆಂಕಣ ಗಾಣ.”

ಗಾಲಿ ನಿಂತಿತು. ಹೊರಗೆ ಗಾಳಿ ಬೀಸುತ್ತಿತ್ತು. ಯಾರೂ ಯಾರನ್ನೂ ನೋಡಲಿಲ್ಲ.

ಮುದುಕ ನೊಗದಿಂದ ಎದೆ ತೆಗೆದು ನೆಟ್ಟಗೆ ನಿಂತ.

“ನಮ್ಮದು ಬಂತು,” ಅಂದ.